ಕಠಾರಿಯ ಜಾಮೀನು: ಚಾರಣರ ಬಗ್ಗೆ ಓದುಗರು ಕೇಳಿದ್ದು

ರಾಜಸ್ಥಾನ, ಸೌರಾಷ್ಟ್ರ, ಕಚ್ಛ್ ಮತ್ತು ಸಿಂಧ್ ಸೀಮೆಯಲ್ಲಿ ತಲೆತಲಾಂತರದಿಂದ ಆಸ್ಥಾನಕವಿಗಳೂ ಯೋಧರೂ ಆಗಿದ್ದ ಕುಲ ಚಾರಣರದು. ಈ ಕುಲದ ಚರಿತ್ರೆಯ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಜೋಧಪುರದಲ್ಲಿ ಕೋಟೆ ತೋರಿಸಿದವರು ‘ಭಾಟ–ಚಾರಣ’ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಇಬ್ಬರೂ ಒಂದೇ ಅಲ್ಲವೇ? ಚಂದ ಬರದಾಯಿ ಚಾರಣನೇ?

ಇಬ್ಬರೂ ಒಂದೇ ಅಲ್ಲ. ‘ಪೃಥ್ವೀರಾಜ ರಾಸೋ’ ಕಾವ್ಯದ ಕರ್ತೃ ಎನ್ನಲಾಗುವ ಚಂದ ಬರದಾಯಿ ಭಾಟ ಪರಂಪರೆಯವನು. ಭಾಟರ ಮುಖ್ಯ ಕೆಲಸ ವಂಶಾವಳಿ. ಅವರು ‘ಬಹಿ’ ಎಂಬ ಉದ್ದನೆಯ ಕಡತ ಹೊತ್ತು ಕೆಲವು ವರ್ಷಗಳಿಗೊಮ್ಮೆ ಯಜಮಾನರ ಮನೆಗೆ ಬರುತ್ತಾರೆ, ಹುಟ್ಟಿದವರ, ಮದುವೆಯಾದವರ ಹೆಸರು ಬರೆದುಕೊಳ್ಳುತ್ತಾರೆ. ಅನೇಕ ಜಾತಿಗಳಿಗೆ ಅವರವರದೇ ಭಾಟರಿದ್ದಾರೆ. ಚಾರಣರ ಸಂಬಂಧವಾದರೋ ಹೆಚ್ಚಾಗಿ ರಜಪೂತರೊಡನೆ. ಅವರು ಕಾಯುವುದು ಹೆಸರಿನ ಪಟ್ಟಿಯನ್ನಲ್ಲ, ನಡತೆಯ ನೆನಪನ್ನು: ಯಾರು ರಣದಲ್ಲಿ ನಿಂತ, ಯಾರು ಓಡಿದ, ಯಾರು ಕೊಟ್ಟ ಮಾತಿಗೆ ತಪ್ಪಿದ.

ಭಾಷೆಯೂ ಬೇರೆ. ಚಾರಣರದು ಡಿಂಗಳ್, ಅಂದರೆ ಪಶ್ಚಿಮ ರಾಜಸ್ಥಾನಿಯ ಕಾವ್ಯರೂಪ. ಭಾಟರು ಹೆಚ್ಚಾಗಿ ಬರೆದದ್ದು ಬ್ರಜಭಾಷೆಯ ಛಾಯೆಯ ಪಿಂಗಳ್‌ನಲ್ಲಿ. ಚಾರಣರು ಪಿಂಗಳ್ ಬರೆದದ್ದೂ ಉಂಟು. ಆದ್ದರಿಂದ ಭಾಷೆಯೊಂದನ್ನೇ ನೋಡಿ ಕರ್ತೃ ಯಾರೆಂದು ತೀರ್ಮಾನಿಸಬೇಡಿ. ಇನ್ನೊಂದು ವಿಶೇಷ: ಚಾರಣರನ್ನೇ ಹೊಗಳಿ ಬದುಕುವ ಮೋತೀಸರ್ ಎಂಬ ಸಮುದಾಯವಿದೆ. ಚಾರಣರ ಊರುಗಳಲ್ಲಿ ಆಟ ಕಟ್ಟಿ ಕುಣಿಯುವ ರಾವಳರೂ ಇದ್ದಾರೆ. ಬೇಡುವವರಿಂದ ಬೇಡಿಸಿಕೊಳ್ಳುವವರು ಎಂದರೆ ಚಾರಣರ ಸ್ಥಾನ ಅರ್ಥವಾದೀತು.

ಚಾರಣರಲ್ಲಿ ಮಾರೂ, ಕಾಛೇಲಾ, ಸೋರಠಿಯಾ, ತುಂಬೇಲ ಎಂಬ ಪ್ರಾದೇಶಿಕ ಪಂಗಡಗಳಿವೆ. ಆಢಾ, ಆಶಿಯಾ, ಮಿಶಣ, ರತನೂ, ಕವಿಯಾ, ಬೀಠೂ, ಕಿನಿಯಾ, ದಧವಾಡಿಯಾ ಮುಂತಾದವು ಕುಲದ ಶಾಖೆಗಳು. ‘ಬಾರಹಠ’, ‘ಗಢವೀ’ ಎಂಬವು ಶಾಖೆಗಳಲ್ಲ, ಬಿರುದುಗಳು. ಬಾರಹಠನೆಂದರೆ ಮದುವೆಯ ದಿಬ್ಬಣ ಬಂದಾಗ ಬಾಗಿಲಲ್ಲಿ ನಿಂತು ಹಠ ಹಿಡಿದು ತನ್ನ ಹಕ್ಕಿನ ಕಾಣಿಕೆ ಪಡೆಯುವವನು.

ಹಸ್ತಪ್ರತಿಯ ಕ್ಯಾಟಲಾಗ್ ನೋಡುವವರಿಗೆ ಒಂದು ಕಿವಿಮಾತು. ಪದ್ಯದ ತಲೆಬರಹ ಸಾಮಾನ್ಯವಾಗಿ ‘ಗೀತ್ ರಾಣಾ ಪ್ರತಾಪ ರೋ, ಆಢಾ ದುರಸಾ ರೋ ಕಹ್ಯೋ’ ಎಂಬ ಮಾದರಿಯಲ್ಲಿರುತ್ತದೆ. ‘ರೋ’, ‘ರಾ’, ‘ರೀ’ ನಮ್ಮ ಷಷ್ಠಿಯ ‘ಅ’ ಇದ್ದಂತೆ. ಮೊದಲ ಹೆಸರು ಪದ್ಯ ಯಾರ ಮೇಲಿದೆಯೋ ಅವನದು, ‘ಕಹ್ಯೋ’ (ಹೇಳಿದ್ದು) ಜೊತೆಗಿರುವುದು ಕವಿಯದು. ಹೊಸಬರು ಇವೆರಡನ್ನು ಅದಲುಬದಲು ಮಾಡಿ ವೀರನನ್ನೇ ಕವಿ ಎಂದು ದಾಖಲಿಸುತ್ತಾರೆ.

ಪ್ರಶ್ನೆ: ಆಸ್ಥಾನಕವಿ ನಿಜವಾಗಿ ಯುದ್ಧಕ್ಕೆ ಹೋಗುತ್ತಿದ್ದನೇ, ಅಥವಾ ಅದು ಹೊಗಳಿಕೆಯ ಮಾತೇ?

ಹೋಗುತ್ತಿದ್ದ. ಅರಿಕೇಸರಿಯ ಪಕ್ಕದಲ್ಲಿ ಕಾದಿದ, ಕಾವ್ಯವನ್ನೂ ಬರೆದ ಪಂಪ ನಮಗೆ ಗೊತ್ತಿರುವುದರಿಂದ ಇದನ್ನು ನಂಬುವುದು ಕನ್ನಡಿಗರಿಗೆ ಕಷ್ಟವಾಗಬಾರದು. ಒಂದೇ ವ್ಯತ್ಯಾಸ: ಪಂಪ ಒಬ್ಬ ವ್ಯಕ್ತಿ, ಇಲ್ಲಿ ಇಡೀ ಕುಲಕ್ಕೆ ಅದೇ ಧರ್ಮ.

1583ರಲ್ಲಿ ದತಾಣಿ ಎಂಬಲ್ಲಿ ಸಿರೋಹಿಯ ರಾವ್ ಸುರತಾಣನಿಗೂ ಅಕ್ಬರನ ಕಡೆಯ ಸೇನೆಗೂ ಯುದ್ಧವಾಯಿತು. ಅಕ್ಬರನ ಪಕ್ಷದಲ್ಲಿ ಮಹಾರಾಣಾ ಪ್ರತಾಪನ ತಮ್ಮ ಜಗಮಾಲನಿದ್ದ, ಮಾರವಾಡದ, ಅಂದರೆ ಜೋಧಪುರ ಸೀಮೆಯ, ರಾಯಸಿಂಹನಿದ್ದ. ಇಬ್ಬರೂ ಅಲ್ಲೇ ಸತ್ತರು. ಅದೇ ಪಕ್ಷದಲ್ಲಿ ಕಾದಿದ ಕವಿ ದುರಸಾ ಆಢಾ ಗಾಯಗೊಂಡು ಬಿದ್ದಿದ್ದ. ಗೆದ್ದ ಸುರತಾಣ ರಣರಂಗ ನೋಡುತ್ತ ಬಂದಾಗ ಜೊತೆಗಿದ್ದವರು ದುರಸಾನನ್ನು ಮುಗಿಸಹೊರಟರು. ‘ನಾನು ಚಾರಣ’ ಎಂದ ದುರಸಾ. ಹಾಗಾದರೆ ಈಗಷ್ಟೇ ಬಿದ್ದ ನಮ್ಮ ಸಮರಾ ದೇವಡಾನ ಮೇಲೆ ಒಂದು ದೂಹಾ (ಎರಡು ಸಾಲಿನ ಪದ್ಯ) ಹೇಳು ಎಂದರು. ಅವನು ಬಿದ್ದಲ್ಲಿಂದಲೇ ಹೇಳಿದ. ಶತ್ರುಪಕ್ಷದ ವೀರನ ಮೇಲಿನ ಎರಡೇ ಸಾಲು ಅವನ ಗುರುತಿನ ಚೀಟಿಯಾಯಿತು. ಪಲ್ಲಕ್ಕಿಯಲ್ಲಿ ಒಯ್ದು ಉಪಚರಿಸಿದರು. ಸುರತಾಣ ಅವನನ್ನು ತನ್ನ ಕವಿಯನ್ನಾಗಿಸಿಕೊಂಡು ಊರುಗಳನ್ನು ಕೊಟ್ಟ. ಅಬುವಿನ ಅಚಲೇಶ್ವರ ದೇವಾಲಯದಲ್ಲಿ ದುರಸಾನ ಲೋಹಪ್ರತಿಮೆ ಇಂದಿಗೂ ಇದೆ.

ಚಾರಣನನ್ನು ಕೊಲ್ಲುವುದು ಮಹಾಪಾಪವೆಂಬ ನಂಬಿಕೆ ಇದ್ದುದರಿಂದಲೇ ಅವನು ರಾಯಭಾರಿಯಾಗಿ ಹೋಗಬಲ್ಲವನಾಗಿದ್ದ, ಥಾರ್ ಮರುಭೂಮಿಯಲ್ಲಿ ಎತ್ತುಗಳ ಮೇಲೆ ಸರಕು ಹೇರಿ ಸಾಗುವ ಸಾರ್ಥಗಳಿಗೆ ಬೆಂಗಾವಲಾಗಬಲ್ಲವನಾಗಿದ್ದ. ಇಷ್ಟು ರಕ್ಷಣೆ ಇರುವವನು ರಣಕ್ಕೇಕೆ ಇಳಿಯಬೇಕು? ಸಾಕ್ಷಿ ಹೇಳುವವನು ಸ್ಥಳದಲ್ಲಿರಬೇಕು, ಅದಕ್ಕೆ. 1423ರಲ್ಲಿ ಮಾಳ್ವದ ಹೋಶಂಗ್ ಶಾಹ ಗಾಗರೋಣ ಕೋಟೆಗೆ ಮುತ್ತಿಗೆ ಹಾಕಿದಾಗ ಶಿವದಾಸ ಗಾಡಣ ಒಳಗಿದ್ದನೆಂದೂ ಕಥೆ ಉಳಿಯಲೆಂದೇ ಅವನನ್ನು ಹೊರಗೆ ಕಳಿಸಿದರೆಂದೂ ಪರಂಪರೆ ಹೇಳುತ್ತದೆ. ಅಚಲದಾಸ ಖೀಚಿಯ ಮೇಲೆ ಅವನು ಬರೆದ ವಚನಿಕಾ ರಾಜಸ್ಥಾನಿಯ ಹಳೆಯ ಗದ್ಯ–ಪದ್ಯ ಕೃತಿಗಳಲ್ಲಿ ಒಂದು. 1730ರ ಅಹಮದಾಬಾದ್ ಯುದ್ಧದಲ್ಲಿ ಜೋಧಪುರದ ಅಭಯಸಿಂಹನ ಜೊತೆ ಕರಣೀದಾನ ಕವಿಯಾ, ವೀರಭಾಣ ರತನೂ ಇಬ್ಬರೂ ಇದ್ದರು. ಇಬ್ಬರೂ ಅದೇ ಯುದ್ಧದ ಮೇಲೆ ಬೇರೆಬೇರೆ ಕಾವ್ಯ ಬರೆದರು. ಒಂದೇ ಘಟನೆಗೆ ಎರಡು ಕಣ್ಣುಸಾಕ್ಷಿ ಸಿಗುವುದು ಚರಿತ್ರೆಕಾರನ ಭಾಗ್ಯ.

ಪ್ರಶ್ನೆ: ‘ತ್ರಾಗಾ’ ಎಂದರೆ ಆತ್ಮಹತ್ಯೆಯೇ? ಅದು ಕವಿಗಳ ಕೆಲಸ ಹೇಗಾಯಿತು?

ಚಾರಣರ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಇದನ್ನು ಬಿಟ್ಟರೆ ಅವರ ಕವಿತೆಯೂ ತಿಳಿಯದು.

ಚಾರಣ ಜಾಮೀನುದಾರನಾಗಿದ್ದ. ಇಬ್ಬರು ಠಾಕೂರರ (ರಜಪೂತ ಒಡೆಯರ) ನಡುವೆ ಒಪ್ಪಂದವಾದರೆ, ಸಾಲದ ಕರಾರಾದರೆ, ಕಪ್ಪ ಕೊಡುತ್ತೇನೆಂದು ಯಾರಾದರೂ ಬರೆದುಕೊಟ್ಟರೆ ನಡುವೆ ಚಾರಣನೊಬ್ಬ ನಿಲ್ಲುತ್ತಿದ್ದ. ಒತ್ತೆ ಇಡಲು ಅವನ ಬಳಿ ಹಣವಿಲ್ಲ, ಸೇನೆಯಿಲ್ಲ, ಇದ್ದದ್ದು ದೇಹ ಮಾತ್ರ. ಮಾತು ಮುರಿದವನ ಬಾಗಿಲಿಗೆ ಮೊದಲು ಹೇಳಿಕಳುಹಿಸುತ್ತಿದ್ದ. ಕೇಳದಿದ್ದರೆ ಅಲ್ಲಿಯೇ ಧರಣಿ, ಉಪವಾಸ. ಅದಕ್ಕೂ ಬಗ್ಗದಿದ್ದರೆ ತನ್ನ ಮೈಯನ್ನೇ ಗಾಯಗೊಳಿಸಿಕೊಳ್ಳುವುದು, ಕೊನೆಗೆ ಪ್ರಾಣ ಬಿಡುವುದು. ಇದೇ ತ್ರಾಗಾ. ಕೆಲವೊಮ್ಮೆ ಮನೆಯ ಮುದುಕರೋ ಹೆಂಗಸರೋ ಮುಂದಾಗುತ್ತಿದ್ದರು. ಚೆಲ್ಲಿದ ರಕ್ತದ ಪಾಪವೆಲ್ಲ ಮಾತು ಮುರಿದವನ ವಂಶಕ್ಕೆ ತಟ್ಟುತ್ತದೆಂಬ ನಂಬಿಕೆಯೇ ಇದರ ಬಲ. ಹೀಗೆ ಸತ್ತವರಿಗೆ ಸೌರಾಷ್ಟ್ರದಲ್ಲಿ ನಿಲ್ಲಿಸಿದ ‘ಪಾಳಿಯಾ’ ಕಲ್ಲುಗಳಿವೆ. ನಮ್ಮ ವೀರಗಲ್ಲು ನೋಡಿದ ಕಣ್ಣಿಗೆ ಅವು ತಟ್ಟನೆ ಗುರುತು ಸಿಗುತ್ತವೆ. ಆದರೆ ನಮ್ಮ ಲೆಂಕ, ವೇಳೆವಾಳಿಗಳು ಒಡೆಯನಿಗಾಗಿ, ಒಡೆಯನ ಜೊತೆ ಸತ್ತವರು. ಚಾರಣ ಸಾಯುತ್ತಿದ್ದುದು ಒಡೆಯನ ಎದುರಿಗೆ, ಅವನನ್ನು ಮಾತಿಗೆ ಕಟ್ಟಿಹಾಕಲು.

ಅತಿ ದೊಡ್ಡ ಪ್ರಸಂಗ 1586ರದು, ಮಾರವಾಡದ ಆವುವಾ ಎಂಬ ಊರಿನದು. ‘ಮೋಟಾ ರಾಜಾ’ ಉದಯಸಿಂಹ ಚಾರಣರ ದತ್ತಿ ಊರುಗಳನ್ನು ಕಿತ್ತುಕೊಂಡ. ಚಾರಣರು ಗುಂಪಾಗಿ ಆವುವಾದಲ್ಲಿ ಧರಣಿ ಕುಳಿತರು. ಅವರ ಮನವೊಲಿಸಲು ರಾಜ ಅಖಾ ಬಾರಹಠನನ್ನು ಕಳಿಸಿದ. ಹೋದ ಅಖಾ ತಾನೂ ಧರಣಿಗೇ ಕುಳಿತ. ಅನೇಕರು ಅಲ್ಲಿ ಪ್ರಾಣ ಬಿಟ್ಟರು. ದತಾಣಿಯಲ್ಲಿ ಬದುಕುಳಿದ ದುರಸಾ ಇಲ್ಲಿಯೂ ಕಠಾರಿ ಹಾಕಿಕೊಂಡು ಬದುಕುಳಿದ. ರಾಜ ಬಗ್ಗಲಿಲ್ಲ. ತ್ರಾಗಾದ ದೌರ್ಬಲ್ಯ ಇಲ್ಲಿಯೇ ಇದೆ: ಎದುರಿನವನು ಪಾಪಕ್ಕೆ ಹೆದರಿದರೆ ಮಾತ್ರ ಅದು ನಡೆಯುತ್ತದೆ. ಆದರೂ ಧರಣಿ ವ್ಯರ್ಥವಾಗಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ನಾಲ್ಕು ಶತಮಾನ ಕಳೆದರೂ ಆ ರಾಜನ ಹೆಸರು ಬಂದಲ್ಲೆಲ್ಲ ಆವುವಾದ ಹೆಸರೂ ಬರುತ್ತದೆ.

1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವಾಕರ್ ಕಾಠಿಯಾವಾಡದ ಒಡೆಯರ ಕಪ್ಪವನ್ನು ಗೊತ್ತುಪಡಿಸುವ ಒಪ್ಪಂದ ಮಾಡಿದಾಗಲೂ ಭಾಟ–ಚಾರಣರ ಜಾಮೀನನ್ನು ಒಪ್ಪಿಕೊಳ್ಳಬೇಕಾಯಿತು. ಮುಂದೆ ಕಂಪನಿಯ ಕಚೇರಿ, ಛಾಪಾ ಕಾಗದ, ಪೊಲೀಸು ಬಂದಂತೆ ಅದಕ್ಕೆ ಬೆಲೆ ಇಳಿಯಿತು. 1860ರ ಭಾರತೀಯ ದಂಡಸಂಹಿತೆಯ 508ನೇ ಕಲಮು ದೈವಕೋಪದ ಭಯ ಹುಟ್ಟಿಸಿ ಒಬ್ಬನಿಂದ ಕೆಲಸ ಮಾಡಿಸುವುದನ್ನು ಅಪರಾಧವೆಂದಿತು, ಒಂದು ವರ್ಷದವರೆಗೆ ಸಜೆ ಇಟ್ಟಿತು. ಅದರ ಕೆಳಗಿನ ಉದಾಹರಣೆಗಳಲ್ಲಿ ಒಂದು ಬಾಗಿಲಲ್ಲಿ ಧರಣಿ ಕೂರುವುದು, ಇನ್ನೊಂದು ತನ್ನ ಮಗುವನ್ನೇ ಕೊಲ್ಲುತ್ತೇನೆಂದು ಬೆದರಿಸುವುದು. ಧರಣಿ ಮತ್ತು ತ್ರಾಗಾಗಳ ಚಿತ್ರ ಆ ಎರಡು ವಾಕ್ಯಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಕವಿತೆಗೆ ಇದರ ನಂಟು. ಮಾತಿಗಾಗಿ ಸಾಯಲು ಸಿದ್ಧನಾದವನು ‘ಇವನು ವೀರ’ ಎಂದರೆ ಆ ಮಾತಿಗೆ ತೂಕವಿತ್ತು, ‘ಇವನು ಹೇಡಿ’ ಎಂದರೂ ಅಷ್ಟೇ ತೂಕ. ಕಠಾರಿಯ ಜಾಮೀನು ಇದ್ದುದರಿಂದಲೇ ಕವಿತೆ ಚಲಾವಣೆಯಲ್ಲಿತ್ತು.

ಪ್ರಶ್ನೆ: ‘ಲಾಖ್ ಪಸಾವ್’ ಎಂದರೆ ನಿಜಕ್ಕೂ ಒಂದು ಲಕ್ಷ ರೂಪಾಯಿ ಎಣಿಸಿ ಕೊಡುತ್ತಿದ್ದರೇ?

ಅಷ್ಟೂ ನಗದಲ್ಲ. ಪಸಾವ್ ಎಂದರೆ ಪ್ರಸಾದ. ಆನೆ, ಕುದುರೆಗಳು, ಒಂಟೆ, ಆಭರಣ, ಉಡುಗೊರೆ ಬಟ್ಟೆ, ಸ್ವಲ್ಪ ನಗದು, ಜೊತೆಗೆ ಒಂದೋ ಎರಡೋ ಊರು, ಎಲ್ಲ ಸೇರಿದ ಗೌರವದ ಲೆಕ್ಕವೇ ‘ಲಾಖ್’. ಬಿಕಾನೇರದ ರಾಯಸಿಂಹ ಶಂಕರ ಬಾರಹಠನಿಗೆ ‘ಸವಾ ಕರೋಡ್’ ಕೊಟ್ಟನೆಂಬುದನ್ನೂ ಹೀಗೆಯೇ ಓದಬೇಕು. ಇದನ್ನು ರೂಪಾಯಿಯಾಗಿ ತೆಗೆದುಕೊಂಡು ರಾಜ್ಯದ ಆದಾಯಕ್ಕೆ ಹೋಲಿಸಿ ‘ಅಸಾಧ್ಯ’ ಎಂದು ತಳ್ಳಿಹಾಕುವುದು ಅವಸರದ ಮಾತು.

ಇದರಲ್ಲಿ ನಿಜವಾದ ಆಸ್ತಿ ಊರು. ತೆರಿಗೆ ಇಲ್ಲದ ಆ ದತ್ತಿಗೆ ‘ಸಾಂಸಣ’ ಎನ್ನುತ್ತಾರೆ. ನಮ್ಮ ‘ಶಾಸನ’ವೇ ಬಾಯಲ್ಲಿ ಸವೆದು ಹಾಗಾಗಿದೆ. ತಾಮ್ರಪಟದಲ್ಲಿ ಬರೆದುಕೊಡುತ್ತಿದ್ದರು. ಕೊನೆಗೆ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ, ನಮ್ಮ ಶಿಲಾಶಾಸನಗಳಲ್ಲಿ ನೂರಾರು ಬಾರಿ ಕಂಡ ಅದೇ ಶಾಪಶ್ಲೋಕ. ಸಾಂಸಣ ಊರಿಗೆ ಓಡಿಬಂದವನನ್ನು ರಾಜನ ಆಳುಗಳು ಹಿಡಿಯುವಂತಿರಲಿಲ್ಲ. ಆದರೆ ಸಾಂಸಣ ಕರಗುತ್ತಿದ್ದ ಆಸ್ತಿ. ರಜಪೂತ ಜಾಗೀರು ಹಿರಿಯ ಮಗನಿಗೆ ಹೋದರೆ, ಚಾರಣರ ಭೂಮಿ ಮಕ್ಕಳಿಗೆಲ್ಲ ಸಮಪಾಲಾಗುತ್ತಿತ್ತು. ನಾಲ್ಕು ತಲೆ ಕಳೆಯುವಷ್ಟರಲ್ಲಿ ‘ಜಾಗೀರುದಾರ’ನ ಪಾಲಿಗೆ ಉಳಿಯುತ್ತಿದ್ದುದು ಕೆಲವು ಹೊಲಗಳು, ಒಂದು ಬಾವಿ.

ದರ್ಬಾರಿನ ಮರ್ಯಾದೆಗಳಿಗೂ ಶ್ರೇಣಿಯಿತ್ತು. ಕವಿ ಬಂದಾಗ ಮಾತ್ರ ರಾಜ ಎದ್ದುನಿಂತರೆ ಇಕೇವಡಿ ತಾಜೀಮ್, ಬಂದಾಗಲೂ ಹೋಗುವಾಗಲೂ ಎದ್ದರೆ ದೋಹರಿ ತಾಜೀಮ್. ಕರಣೀದಾನ ಕವಿಯಾನನ್ನು ಆನೆಯ ಮೇಲೆ ಕೂರಿಸಿ ಮಹಾರಾಜ ಅಭಯಸಿಂಹ ತಾನು ಕುದುರೆಯೇರಿ ಮುಂದೆ ನಡೆದನೆಂದು ಹೇಳುವ ದೂಹಾ ಇಂದಿಗೂ ಬಾಯಿಂದ ಬಾಯಿಗೆ ಹರಿಯುತ್ತಿದೆ.

ಪ್ರಶ್ನೆ: ಡಿಂಗಳ್ ಪದ್ಯ ಓದಿದರೆ ಕಲ್ಲು ಉರುಳಿದಂತೆ ಕೇಳುತ್ತದೆ, ಅರ್ಥವಾಗುವುದಿಲ್ಲ. ಅದರ ನಿಯಮವನ್ನು ಉದಾಹರಣೆಯೊಡನೆ ತಿಳಿಸಿ.

ಸಂತೋಷದಿಂದ. ಕನ್ನಡ ಬಲ್ಲವರಿಗೆ ಎರಡು ಅನುಕೂಲಗಳಿವೆ: ಲಘು–ಗುರುವಿನ ಲೆಕ್ಕ ಗೊತ್ತು, ‘ಳ’ಕಾರ ಗೊತ್ತು.

ಮೊದಲು ‘ವಯಣ ಸಗಾಈ’. ಸಗಾಈ ಎಂದರೆ ನೆಂಟಸ್ತನ, ನಿಶ್ಚಿತಾರ್ಥ. ಅಂದರೆ ಅಕ್ಷರಗಳ ನೆಂಟಸ್ತನ. ನಮ್ಮ ಆದಿಪ್ರಾಸ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಪ್ರತಿ ಸಾಲಿನ ಎರಡನೆಯ ಅಕ್ಷರ ಹಿಡಿದು. ವಯಣ ಸಗಾಈ ಅಡ್ಡಲಾಗಿ ಹೋಗುತ್ತದೆ: ಒಂದು ಚರಣದ ಮೊದಲ ಪದ ಯಾವ ಅಕ್ಷರದಿಂದ ಆರಂಭವಾಗುತ್ತದೋ ಕೊನೆಯ ಪದವೂ ಅದೇ ಅಕ್ಷರದಿಂದ ಆರಂಭವಾಗಬೇಕು. ಬೂಂದಿಯ ಸೂರ್ಯಮಲ್ಲ ಮಿಶಣ 1857ರ ದಿನಗಳಲ್ಲಿ ಬರೆದ ದೂಹಾ ನೋಡಿ:

ಇಳಾ ನ ದೇಣೀ ಆಪಣೀ, ಹಾಲರಿಯಾ ಹುಲರಾಯ
ಪೂತ ಸಿಖಾವೈ ಪಾಲಣೈ, ಮರಣ ಬಡಾಈ ಮಾಯ

‘ನಮ್ಮ ನೆಲವನ್ನು ಬಿಟ್ಟುಕೊಡಬೇಡ ಎಂದು ಜೋಗುಳ ಹಾಡಿ ತೂಗುತ್ತ, ತಾಯಿ ತೊಟ್ಟಿಲಲ್ಲೇ ಮಗನಿಗೆ ಸಾವಿನ ಹಿರಿಮೆ ಕಲಿಸುತ್ತಾಳೆ.’ ಈಗ ನೆಂಟಸ್ತನ ಹುಡುಕಿ. ಪೂತ–ಪಾಲಣೈ, ಮರಣ–ಮಾಯ, ಹಾಲರಿಯಾ–ಹುಲರಾಯ. ಮೊದಲ ಚರಣದಲ್ಲಿ ಇಳಾ–ಆಪಣೀ: ಸ್ವರಕ್ಕೆ ಬೇರೆ ಸ್ವರ ನೆಂಟನಾಗಬಹುದು, ಯ–ವಗಳೂ ಸ್ವರದ ಕಡೆಯವೇ. ಜ–ಝ, ಬ–ವಗಳಂಥ ಜೋಡಿಯೂ ನಡೆಯುತ್ತದೆ, ಆದರೆ ಅದು ಕೆಳದರ್ಜೆಯದು.

ಮಾತ್ರೆ ಎಣಿಸಿ: ಇಳಾ 3, ನ 1, ದೇಣೀ 4, ಆಪಣೀ 5, ಒಟ್ಟು 13. ಹಾಲರಿಯಾ 6, ಹುಲರಾಯ 5, ಒಟ್ಟು 11. ಎರಡನೆಯ ಸಾಲೂ 13 ಮತ್ತು 11. ಇದು ದೂಹಾ. ಇದನ್ನು ತಿರುವಿ 11–13 ಮಾಡಿ, ಪ್ರಾಸವನ್ನು 11ರ ಕೊನೆಗೆ ತಂದರೆ ಸೋರಠಾ. 11–13, 13–11 ಎಂದಾದರೆ ಬಡೋ ದೂಹೋ. 13–11, 11–13 ಎಂದಾದರೆ ತೂಂವೇರೀ. ಗುರುತು ಹಿಡಿಯಲು ಸುಲಭದ ದಾರಿಯಿದೆ: ನಾಲ್ಕರಲ್ಲೂ ಅಂತ್ಯಪ್ರಾಸ ಬೀಳುವುದು 11 ಮಾತ್ರೆಯ ಚರಣಗಳಲ್ಲೇ. ಪ್ರಾಸ ಎಲ್ಲಿದೆ ನೋಡಿ, ಜಾತಿ ತಿಳಿಯುತ್ತದೆ.

ಹೆಚ್ಚಿನವರು ಎಡವುವುದು ‘ಳ’ದಲ್ಲಿ. ಹಿಂದಿ ಮುದ್ರಣಗಳಲ್ಲಿ ಡಿಂಗಳ್‌ನ ‘ಳ’ವನ್ನು ‘ಲ’ ಎಂದು ಅಚ್ಚುಹಾಕಿಬಿಡುತ್ತಾರೆ. ‘ಗಾಲ’ ಎಂದರೆ ಕೆನ್ನೆ, ‘ಗಾಳ’ ಎಂದರೆ ಬೈಗುಳ. ಒಂದು ಅಕ್ಷರ ಬದಲಾದರೆ ಅವಮಾನದ ಪದ್ಯ ಶೃಂಗಾರದ ಪದ್ಯವಾಗುತ್ತದೆ. ಪದ್ಯವನ್ನು ಕನ್ನಡ ಲಿಪಿಗೆ ಇಳಿಸಿಕೊಳ್ಳುವವರು ಸೀತಾರಾಮ ಲಾಳಸರ ರಾಜಸ್ಥಾನಿ ನಿಘಂಟಿನಲ್ಲಿ ಪದ ನೋಡಿ ‘ಳ’ವನ್ನು ಮರಳಿ ಕೂರಿಸಿ. ಕನ್ನಡ ಲಿಪಿ ಈ ಭಾಷೆಗೆ ದೇವನಾಗರಿಯಷ್ಟೇ ಸಲೀಸಾಗಿ ಹೊಂದುತ್ತದೆ.

ಪ್ರಶ್ನೆ: ಡಿಂಗಳ್ ‘ಗೀತ್’ ಅನುವಾದದಲ್ಲಿ ಒಂದೇ ಮಾತು ನಾಲ್ಕು ಸಲ ಬರುತ್ತದೆ. ಇದು ಕವಿಯ ಬಡತನವಲ್ಲವೇ?

ಅಲ್ಲ, ಅದೇ ನಿಯಮ. ಗೀತ್ ಎಂಬ ಹೆಸರಿದ್ದರೂ ಅದನ್ನು ಹಾಡುವುದಿಲ್ಲ, ಏರುದನಿಯಲ್ಲಿ ವಾಚಿಸುತ್ತಾರೆ. ನಾಲ್ಕು ಸಾಲಿನ ಒಂದು ಪದ್ಯಕ್ಕೆ ‘ದ್ವಾಲಾ’ ಎಂದು ಹೆಸರು. ಸಾಮಾನ್ಯವಾಗಿ ಕನಿಷ್ಠ ಮೂರು ದ್ವಾಲಾ. ಮೊದಲನೆಯದರಲ್ಲಿ ಹೇಳಿದ ವಿಷಯವನ್ನೇ ಉಳಿದವು ಬೇರೆ ಮಾತುಗಳಲ್ಲಿ ಹೇಳಬೇಕು. ಪದವನ್ನು ಪುನರುಕ್ತಿಸಿದರೆ ದೋಷ, ವಿಷಯ ಬದಲಾಯಿಸಿದರೂ ದೋಷ. ಆದ್ದರಿಂದ ಕತ್ತಿಗೆ, ಕುದುರೆಗೆ, ಆನೆಗೆ ಹತ್ತಾರು ಪರ್ಯಾಯಗಳು ನಾಲಿಗೆಯ ತುದಿಯಲ್ಲಿರಬೇಕು. ಚಾರಣ ಹುಡುಗರು ‘ನಾಮಮಾಲಾ’ ಎಂಬ ಪದ್ಯನಿಘಂಟುಗಳನ್ನು ಉರುಹಚ್ಚುತ್ತಿದ್ದುದು ಇದಕ್ಕೇ. ಹಮೀರದಾನ ರತನೂ ರಚಿಸಿದ ನಾಮಮಾಲೆ ಅವುಗಳಲ್ಲಿ ಪ್ರಸಿದ್ಧ. ಕಚ್ಛ್‌ನ ರಾವ್ ಲಖಪತಿ 1749ರಲ್ಲಿ ಭುಜ್‌ನಲ್ಲಿ ತೆರೆದ ಬ್ರಜಭಾಷಾ ಪಾಠಶಾಲೆಗೆ ದೂರದೂರದ ಚಾರಣ ಹುಡುಗರು ಬಂದು ಛಂದಸ್ಸು, ಅಲಂಕಾರ ಕಲಿತರು. ಸುಮಾರು 200 ವರ್ಷ ನಡೆದ ಶಾಲೆ ಅದು.

ಗೀತ್‌ನ ಪ್ರಕಾರಗಳು ಬಹಳ. ಮಂಛ ಕವಿಯ ‘ರಘುನಾಥ ರೂಪಕ’ವೊಂದೇ 72 ಬಗೆಗಳನ್ನು ವಿವರಿಸುತ್ತದೆ. ಒಂದನ್ನು ಮಾತ್ರ ಹೇಳುವುದಾದರೆ, ವೇಲಿಯೋ: ಮೊದಲ ದ್ವಾಲಾದ ಮೊದಲ ಸಾಲಿಗೆ 18 ಮಾತ್ರೆ, ಅನಂತರ 15, 16, 15. ಮುಂದಿನ ದ್ವಾಲಾಗಳಲ್ಲಿ 16, 15, 16, 15. ಆರಂಭದ ಆ 2 ಹೆಚ್ಚುವರಿ ಮಾತ್ರೆಗಳನ್ನು ನೋಡಿ ಪ್ರತಿಕಾರನ ತಪ್ಪೆಂದು ‘ತಿದ್ದುವ’ ಸಂಪಾದಕರಿದ್ದಾರೆ. ತಿದ್ದಬಾರದು. ವಾಚನ ಶುರುಮಾಡುವವನು ಸಭೆಯ ಗಮನ ಸೆಳೆಯಲು ತೆಗೆದುಕೊಳ್ಳುವ ಒಂದು ಹೆಜ್ಜೆ ಅದು.

ಪುನರುಕ್ತಿಗೆ ಇನ್ನೊಂದು ಉಪಯೋಗವನ್ನೂ ನಾವು ಕಾಣುತ್ತೇವೆ. ಬಾಯಿಪಾಠದಲ್ಲಿ ಒಂದು ದ್ವಾಲಾ ಮರೆತುಹೋದರೂ ಹೇಳಬೇಕಾದ ಸಂಗತಿ ಉಳಿದುಕೊಳ್ಳುತ್ತದೆ. ಸಾಕ್ಷಿಗೆ ಮೂರು ಪ್ರತಿ ಇಟ್ಟಂತೆ.

ಪ್ರಶ್ನೆ: ಕೊನೆಗೂ ಇವರು ಉಂಡ ಮನೆಯ ಜಂತೆ ಎಣಿಸದ ಹೊಗಳುಭಟರೇ ಅಲ್ಲವೇ?

ಹೊಗಳಿಕೆಗೆ ಹೇಗೋ ಹಾಗೆ ತೆಗಳಿಕೆಗೂ ಡಿಂಗಳ್‌ನಲ್ಲಿ ಪ್ರತ್ಯೇಕ ಪ್ರಕಾರವಿದೆ, ‘ವಿಸರ್’ ಎಂದು. ರಜಪೂತ ಠಾಕೂರರು ಕತ್ತಿಗಿಂತ ಇದಕ್ಕೆ ಹೆಚ್ಚು ಹೆದರುತ್ತಿದ್ದರು. ಕತ್ತಿ ಒಬ್ಬನನ್ನು ಕೊಂದರೆ ವಿಸರ್ ಮೊಮ್ಮಕ್ಕಳ ಮದುವೆಯ ಮಾತುಕತೆಯಲ್ಲೂ ಎದ್ದು ಬರುತ್ತದೆ.

ಜೋಧಪುರದ ಬಾಂಕೀದಾಸ ಆಶಿಯಾ ಮಹಾರಾಜ ಮಾನಸಿಂಹನ ಆಸ್ಥಾನಕವಿ. ಆಂಗ್ಲರು ನಾಡಿನ ಮೇಲೆ ಏರಿಬಂದರೆಂದು ಶುರುವಾಗುವ ಅವನ ಗೀತ್, ಒಡೆಯರು ಬದುಕಿರುವಾಗಲೇ ನೆಲ ಕೈಬಿಟ್ಟಿತೆಂದು ನೇರವಾಗಿ ಮೂದಲಿಸುತ್ತದೆ. ಸೂರ್ಯಮಲ್ಲ ಬೂಂದಿಯ ಮಹಾರಾವ್ ರಾಮಸಿಂಹನ ಅಪ್ಪಣೆಯಂತೆ ಬೂಂದಿ ಅರಸರ ಚರಿತ್ರೆಕಾವ್ಯ ‘ವಂಶ ಭಾಸ್ಕರ’ ಆರಂಭಿಸಿ ನಡುವೆಯೇ ನಿಲ್ಲಿಸಿದ. ಆಳುವ ರಾಜನ ದೋಷಗಳನ್ನೂ ಬರೆಯುತ್ತೇನೆಂದು ಹಠ ಹಿಡಿದದ್ದೇ ಕಾರಣವೆಂದು ಪ್ರತೀತಿ. ದತ್ತುಮಗ ಮುರಾರಿದಾನ ಅದನ್ನು ಮುಗಿಸಿದ.

1903ರ ದೆಹಲಿ ದರ್ಬಾರಿಗೆ ಮೇವಾಡದ ಮಹಾರಾಣಾ ಫತೇಸಿಂಹ ಹೊರಟಾಗ ಕೇಸರಿಸಿಂಹ ಬಾರಹಠ 13 ಸೋರಠಾ ಬರೆದು ಕಳಿಸಿದರು. ‘ಚೇತಾವಣೀ ರಾ ಚೂಂಗಟ್ಯಾ’ ಎಂದು ಅದರ ಹೆಸರು, ಎಚ್ಚರಿಕೆಯ ಚಿವುಟು ಎಂದರ್ಥ. ಮಹಾರಾಣಾ ದೆಹಲಿ ತಲುಪಿಯೂ ದರ್ಬಾರಿಗೆ ಹಾಜರಾಗದೆ ಹಿಂತಿರುಗಿದರು. ಆ ಮನೆತನ ಅಲ್ಲಿಗೆ ನಿಲ್ಲಲಿಲ್ಲ. ತಮ್ಮ ಜೋರಾವರಸಿಂಹರು 1912ರಲ್ಲಿ ವೈಸ್‌ರಾಯ್ ಹಾರ್ಡಿಂಜ್ ಮೇಲೆ ಬಾಂಬೆಸೆದ ಕ್ರಾಂತಿಕಾರಿಗಳ ಜೊತೆಗಿದ್ದವರು, ಕೊನೆಯವರೆಗೂ ತಲೆಮರೆಸಿಕೊಂಡೇ ಬದುಕಿದರು. ಮಗ ಪ್ರತಾಪಸಿಂಹ 1918ರಲ್ಲಿ ಬರೇಲಿ ಜೈಲಿನಲ್ಲಿ ತೀರಿಕೊಂಡರು, ಆಗ ಅವರಿಗೆ ಸುಮಾರು 25 ವರ್ಷವಷ್ಟೆ. ಇವರನ್ನು ಹೊಗಳುಭಟರೆನ್ನಲು ನಮಗೆ ಬಾಯಿ ಬಾರದು.

ದೋಷವಿರಲಿಲ್ಲವೆಂದಲ್ಲ. ರಜಪೂತ ಮದುವೆಗಳಲ್ಲಿ ಕೊಡಬೇಕಾದ ‘ತ್ಯಾಗ’ ಎಂಬ ಕಾಣಿಕೆಗಾಗಿ ಚಾರಣ–ಭಾಟರು ಗುಂಪುಗುಂಪಾಗಿ ಬಂದು ಪೀಡಿಸುತ್ತಿದ್ದರು. ಕಡಿಮೆ ಕೊಟ್ಟರೆ ವಿಸರ್ ಸಿದ್ಧವಿರುತ್ತಿತ್ತು. ಹೆಣ್ಣು ಹುಟ್ಟುವುದೆಂದರೆ ಹೆದರಿಕೆಯಾಗಲು ಈ ಖರ್ಚೂ ಒಂದು ಕಾರಣವಾಗಿತ್ತು. 1888ರಲ್ಲಿ ಶುರುವಾದ, ಕರ್ನಲ್ ವಾಲ್ಟರ್ ಹೆಸರಿನ ರಜಪೂತ ಹಿತಕಾರಿಣಿ ಸಭೆ ತ್ಯಾಗಕ್ಕೆ ಮಿತಿ ಹಾಕಿತು.

ಪ್ರಶ್ನೆ: ದೇಶನೋಕದ ‘ಇಲಿಗಳ ಗುಡಿ’ಗೂ ಚಾರಣರಿಗೂ ಏನು ಸಂಬಂಧ?

ಬಿಕಾನೇರದಿಂದ ಸುಮಾರು 30 ಕಿಲೋಮೀಟರ್ ದೂರದ ಆ ಗುಡಿ ಕರಣೀ ಮಾತೆಯದು. ಕಿನಿಯಾ ಶಾಖೆಯ ಚಾರಣ ಹೆಣ್ಣುಮಗಳು ಆಕೆ, ಸುವಾಪ್‌ನಲ್ಲಿ ಹುಟ್ಟಿ ಬೀಠೂ ಶಾಖೆಯ ದೇಪಾನನ್ನು ಮದುವೆಯಾದಳು. ಚಾರಣರು ತಮ್ಮನ್ನು ದೇವೀಪುತ್ರರೆಂದು ಕರೆದುಕೊಳ್ಳುತ್ತಾರೆ. ಕುಲದ ಮೂಲದೇವಿ ಬಲೂಚಿಸ್ತಾನದ ಹಿಂಗಲಾಜ. ಆವಡ, ಖೋಡಿಯಾರ್, ಕರಣೀ ಎಲ್ಲರೂ ಚಾರಣರ ಮನೆಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳೇ. ಗಂಡಸರ ಕವಿತೆ ರಾಜನನ್ನು ಮೆಚ್ಚಿಸಿದರೆ, ರಾಜ್ಯಕ್ಕೆ ಅಡಿಗಲ್ಲು ಇಡಿಸಿಕೊಂಡದ್ದು ಹೆಂಗಸಿನ ಕೈಯಿಂದ: ಜೋಧಪುರದ ಕೋಟೆಗೆ ರಾವ್ ಜೋಧಾ ಕರಣಿಯಿಂದಲೇ ಕಲ್ಲು ಹಾಕಿಸಿದನೆಂದು ಹೇಳುತ್ತಾರೆ.

ಇಲಿಗಳಿಗೆ ಅಲ್ಲಿ ‘ಕಾಬಾ’ ಎನ್ನುತ್ತಾರೆ. ದೇಪಾನ ವಂಶದವರಾದ ದೇಪಾವತ ಚಾರಣರು ಸತ್ತರೆ ಕಾಬಾ ಆಗುತ್ತಾರೆ, ಕಾಬಾ ಸತ್ತರೆ ಮತ್ತೆ ಚಾರಣನಾಗಿ ಹುಟ್ಟುತ್ತದೆ ಎಂಬ ನಂಬಿಕೆ. ಹಾಗಾಗಿ ಅದು ಅವರಿಗೆ ಪೂರ್ವಿಕರ ಮನೆ. ಮಲಮಗ ಲಾಖಣ ಕೋಲಾಯತದ ಕೆರೆಯಲ್ಲಿ ಮುಳುಗಿದಾಗ ಕರಣಿ ಯಮನಿಂದ ಅವನನ್ನು ಹಿಂದಕ್ಕೆ ಪಡೆದಳೆಂಬ ಕಥೆ ಇದರ ಮೂಲ. ದೇಪಾವತರು ಇಂದಿಗೂ ಕೋಲಾಯತದ ಜಾತ್ರೆಗೆ ಹೋಗುವುದಿಲ್ಲ. ಗುಡಿಗೆ ಹೋದವರು ಕಾಲೆತ್ತಿ ಇಡಬೇಡಿ, ನೆಲಕ್ಕೆ ಎಳೆದಂತೆ ನಡೆಯಿರಿ. ಸುತ್ತಲಿನ ‘ಓರಣ’ದ ಬೋರೆ ಗಿಡಗಳನ್ನೂ ನೋಡಿಬನ್ನಿ. ದೇವಿಯ ಹೆಸರಿನಲ್ಲಿ ಕಡಿಯದೆ ಬಿಟ್ಟ ಕಾಡು ಅದು.

ಪ್ರಶ್ನೆ: ಚಾರಣರ ಖ್ಯಾತಗಳನ್ನು, ಅಂದರೆ ಗದ್ಯದ ಚರಿತ್ರೆಗಳನ್ನು, ಸಂಶೋಧನೆಗೆ ಬಳಸುತ್ತಿದ್ದೇನೆ. ಎಷ್ಟು ನಂಬಬಹುದು? ಇಸವಿಗಳು ಒಂದು ವರ್ಷ ಹಿಂದೆಮುಂದೆ ಆಗುತ್ತಿವೆ, ಏಕೆ?

ಮೊದಲು, ‘ಖ್ಯಾತ’ವೆಲ್ಲ ಚಾರಣರದಲ್ಲ. ಪ್ರಸಿದ್ಧ ನೈಣಸಿಯ ಖ್ಯಾತ ಬರೆದವನು ಜೋಧಪುರದ ದಿವಾನನಾಗಿದ್ದ ಜೈನ. ಬಾಂಕೀದಾಸನ ಖ್ಯಾತ, ಬಿಕಾನೇರದ ದಯಾಲದಾಸನ ಖ್ಯಾತ ಚಾರಣರವು. ಬಾಂಕೀದಾಸನದು ಕಥನವಲ್ಲ, ಸುಮಾರು 2000 ಬಿಡಿ ಟಿಪ್ಪಣಿಗಳ ರಾಶಿ. ಅದರಲ್ಲಿ ಕಾಲಾನುಕ್ರಮ ಹುಡುಕಿದರೆ ದಿಕ್ಕು ತಪ್ಪುತ್ತದೆ.

ನಂಬಿಕೆಯ ಮಟ್ಟ ಹೀಗೆ ಇಟ್ಟುಕೊಳ್ಳಿ: ಘಟನೆ ನಡೆದ ಕಾಲದ್ದೇ ಆದ ಗೀತ್ ಮತ್ತು ಮರಸಿಯಾ, ಅಂದರೆ ಶೋಕಪದ್ಯ, ಮೇಲ್ದರ್ಜೆಯ ಸಾಕ್ಷಿ. ಯಾರು ಎಲ್ಲಿ ಸತ್ತರೆಂಬುದರಲ್ಲಿ ಅವು ಅಪರೂಪಕ್ಕೆ ತಪ್ಪುತ್ತವೆ, ಕೇಳುವ ಸಭೆಯಲ್ಲಿ ಕಂಡವರೇ ಕುಳಿತಿರುತ್ತಿದ್ದರಲ್ಲ. ಸೈನ್ಯದ ಸಂಖ್ಯೆಯನ್ನು ಮಾತ್ರ ನಂಬಬೇಡಿ. ತಲೆಮಾರುಗಳ ನಂತರದ ಮಹಾಕಾವ್ಯಕ್ಕೆ ಬೇರೆ ಆಧಾರ ಬೇಕೇ ಬೇಕು. ಈ ಶಿಸ್ತನ್ನು ಕಲಿಸಿದವರೂ ಚಾರಣರೇ. ಮೇವಾಡದ ಕವಿರಾಜ ಶ್ಯಾಮಲದಾಸರು 1886ರಲ್ಲಿ, ಪೃಥ್ವೀರಾಜ ರಾಸೋ ಪೃಥ್ವೀರಾಜನ ಕಾಲದ್ದಲ್ಲವೆಂದು ಶಾಸನಗಳ ಇಸವಿ ಮುಂದಿಟ್ಟು ತೋರಿಸಿದರು. ಅವರು ಬರೆದ ಮೇವಾಡದ ಚರಿತ್ರೆ ‘ವೀರ ವಿನೋದ’ ಅಚ್ಚಾದರೂ ಮಹಾರಾಣಾ ಫತೇಸಿಂಹರು ಅದನ್ನು ಹೊರಬಿಡಲಿಲ್ಲ, ಪ್ರತಿಗಳು ದಶಕಗಳ ಕಾಲ ಬೀಗದೊಳಗಿದ್ದವು.

ಇಸವಿಯ ತೊಡಕು ವರ್ಷಾರಂಭದ್ದು. ವಿಕ್ರಮ ಸಂವತ್ ಎಲ್ಲ ಕಡೆ ಚೈತ್ರದಲ್ಲಿ ಶುರುವಾಗುವುದಿಲ್ಲ. ಮಾರವಾಡ, ಮೇವಾಡದ ದರ್ಬಾರಿನ ವರ್ಷ ಶ್ರಾವಣದಿಂದ, ಗುಜರಾತಿನದು ಕಾರ್ತಿಕದಿಂದ, ಕಚ್ಛ್ ಮತ್ತು ಹಾಲಾರದ್ದು ಆಷಾಢದಿಂದ. ಎಲ್ಲದಕ್ಕೂ 57 ಕಳೆದರೆ ಲೆಕ್ಕ ಕೆಡುತ್ತದೆ. ಶ್ರಾವಣಾದಿಯಾದರೆ ಶ್ರಾವಣದಿಂದ ಡಿಸೆಂಬರ್‌ವರೆಗೆ 57 ಕಳೆಯಿರಿ, ಜನವರಿಯಿಂದ ಆಷಾಢದ ಕೊನೆಯವರೆಗೆ 56. ಕಾರ್ತಿಕಾದಿಯಾದರೆ ಕಾರ್ತಿಕದಿಂದ ಡಿಸೆಂಬರ್‌ವರೆಗೆ ಮಾತ್ರ 57, ಉಳಿದ ವರ್ಷವೆಲ್ಲ 56.

ಪಕ್ಷವನ್ನೂ ಗಮನಿಸಿ. ರಾಜಸ್ಥಾನದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಮತ್ತು ಗುಜರಾತಿನಲ್ಲಿ ಅಮಾವಾಸ್ಯೆಗೆ. ಆದ್ದರಿಂದ ಅವರ ‘ವೈಶಾಖ ವದಿ’ ನಮ್ಮ ಚೈತ್ರ ಬಹುಳ. ‘ಸುದಿ’ಯಲ್ಲಿ, ಅಂದರೆ ಶುಕ್ಲಪಕ್ಷದಲ್ಲಿ, ಈ ಗೊಂದಲವಿಲ್ಲ, ಎರಡೂ ಕಡೆ ಒಂದೇ ತಿಂಗಳು.

ನಿಮ್ಮ ಲೆಕ್ಕ ಸರಿಯೇ ಎಂದು ನೋಡಲು ಕರಣೀ ಮಾತೆ ಕಲ್ಲು ಹಾಕಿದಳೆನ್ನುವ ಜೋಧಪುರದ ಕೋಟೆಯ ತಿಥಿಯನ್ನೇ ತೆಗೆದುಕೊಳ್ಳಿ. ಖ್ಯಾತಗಳಲ್ಲಿ ಅದು ಸಂವತ್ 1515, ಜೇಠ ಸುದಿ 11. ಕಣ್ಣುಮುಚ್ಚಿ 57 ಕಳೆದರೆ 1458 ಬರುತ್ತದೆ. ಮಾರವಾಡದ ವರ್ಷ ಶ್ರಾವಣಾದಿ, ಜೇಠ ಅದರ ಕೊನೆಯ ತಿಂಗಳುಗಳಲ್ಲಿ ಬರುವುದರಿಂದ ಕಳೆಯಬೇಕಾದದ್ದು 56. ಆಗ ಸಿಗುವುದು ಸರಿಯಾದ ದಿನ, 1459ರ ಮೇ 12.